ದ್ವಾದಶಿಯ ಬೆಳಗಿನ ರಕ್ತ

ನಾನು ಸೂಜಿ ಚುಚ್ಚಿದರೆ ಗೊತ್ತೇ ಆಗುವುದಿಲ್ಲ ಎಂಬ ಹೆಸರು ಉಡುಪಿಯಿಂದ ಕಾರ್ಕಳದವರೆಗೂ ಇತ್ತು. ನಿವೃತ್ತಿಯ ದಿನ ಮಣಿಪಾಲದ ನಮ್ಮ ವಿಭಾಗದಲ್ಲಿ ಶಾಲು ಹೊದಿಸಿ ಮಾತಾಡಿದವರೆಲ್ಲ ಅದನ್ನೇ ಹೇಳಿದರು. ವಾರಿಜಾ ಮೇಡಂ ಕೈಗುಣ ಒಳ್ಳೆಯದು, ಮಕ್ಕಳು ಕೂಡ ಅಳುವುದಿಲ್ಲ, ಅವರು ಕರೆದರೆ ಜನ ಬರುವುದಿಲ್ಲ ಎನ್ನುವುದಿಲ್ಲ, ಹೀಗೆ. ನಾನು ತಲೆ ತಗ್ಗಿಸಿ ಕುಳಿತಿದ್ದೆ. ನೋಡಿದವರು ವಿನಯ ಎಂದುಕೊಂಡಿರಬೇಕು. ವಿನಯ ಅಲ್ಲ, ನಾಚಿಕೆ. ಅವರು ಕರೆದರೆ ಜನ ಬರುತ್ತಾರೆ ಎಂಬ ಮಾತು ಬಂದಾಗ ಬನ್ನಂಜೆಯ ಪದ್ದಕ್ಕನ ಮುಖ ನೆನಪಾಗಿ, ಕೊಟ್ಟ ಹಣ್ಣಿನ ಬುಟ್ಟಿಯನ್ನು ಅಲ್ಲೇ ಇಟ್ಟು ಎದ್ದು ಹೋಗೋಣ ಅನಿಸಿತ್ತು.

ಈಗ ಅದೇ ವಿಭಾಗದವರು, ಹೊಸದಾಗಿ ಸೇರುವವರಿಗೆ ಓದಲು ಕೊಡುತ್ತೇವೆ, ನಿಮ್ಮ ಅನುಭವ ಬರೆದುಕೊಡಿ ಎಂದಿದ್ದಾರೆ. ನನ್ನ ಬಡ್ತಿಯ ಕಥೆ ನಿಮಗೆ ಬೇಡ, ನನಗೂ ಬೇಡ. ಲ್ಯಾಬ್ ಟೆಕ್ನೀಷಿಯನ್ ಆಗಿ ಸೇರಿದೆ. ಕೊನೆಗೆ, ಹೊಸ ಔಷಧಿಗಳ ಪರೀಕ್ಷೆಗೆ ಜನರನ್ನು ಒಪ್ಪಿಸಿ, ರಕ್ತ ತೆಗೆದು, ಅವರನ್ನು ನೋಡಿಕೊಳ್ಳುವ ಕೋಆರ್ಡಿನೇಟರ್ ಆಗಿ ಹೊರಬಂದೆ. ನಡುವೆ ಆದ ಎಡವಟ್ಟುಗಳನ್ನು ಬರೆಯುತ್ತೇನೆ. ನೀವೂ ಎಡವಟ್ಟು ಮಾಡುವವರೇ, ಅದರಲ್ಲಿ ನನಗೆ ಸಂಶಯ ಇಲ್ಲ. ಹೊಸದು ಯಾವುದಾದರೂ ಮಾಡಿ, ನನ್ನದನ್ನೇ ಮತ್ತೆ ಮಾಡಬೇಡಿ.

ನನಗೆ ಕೆಲಸ ಕಲಿಸಿದವರು ಲ್ಯಾಬಿನ ಹಿರಿಯ ಟೆಕ್ನೀಷಿಯನ್ ಭಂಡಾರಿಯವರು. ಆಗ ಗಾಜಿನ ಸಿರಿಂಜು, ಕುದಿಸಿ ಕುದಿಸಿ ಬಳಸುವ ಸೂಜಿ. ಸೂಜಿಯ ಮೊನೆಯನ್ನು ಹತ್ತಿಯ ಮೇಲೆ ಎಳೆದು ನೋಡಬೇಕು. ಹತ್ತಿಯ ಎಳೆ ಸಿಕ್ಕಿಕೊಂಡರೆ ಆ ಸೂಜಿ ಬೇಡ. ನನ್ನ ಕೈಗುಣ ಎಂದು ಜನ ಹೇಳುತ್ತಿದ್ದುದು ಆ ಹತ್ತಿಯ ಗುಣ. ಈಗ ನಿಮಗೆ ಎಲ್ಲ ಪೊಟ್ಟಣದಲ್ಲಿ ಬರುತ್ತದೆ, ರಕ್ತವನ್ನು ಕೊಳವೆಯೇ ಎಳೆದುಕೊಳ್ಳುತ್ತದೆ. ತೋಳಿಗೆ ಬಿಲ್ಲೆಯಂಥದ್ದು ಅಂಟಿಸಿದರೆ ಹಗಲು ರಾತ್ರಿ ಸಕ್ಕರೆ ಎಷ್ಟಿದೆ ಎಂದು ಮೊಬೈಲಿನಲ್ಲಿ ಗೆರೆ ಮೂಡುತ್ತದೆ. ನನ್ನ ಕಾಲದಲ್ಲಿ ಆ ಬಿಲ್ಲೆ ಇದ್ದಿದ್ದರೆ ಈ ಲೇಖನ ಬರೆಯುವ ಅಗತ್ಯವೇ ಇರಲಿಲ್ಲವೇನೋ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಕಾರ್ಕಳದಲ್ಲಿ ಸಕ್ಕರೆ ಕಾಯಿಲೆಯ ಶಿಬಿರವೊಂದಿತ್ತು. ರಕ್ತದ ಬಾಟಲಿಗಳನ್ನು ಚೀಲದಲ್ಲಿ ಇಟ್ಟುಕೊಂಡು ಮಣಿಪಾಲದ ಬಸ್ಸು ಹತ್ತಿದೆ. ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಿಸಿಲು ಚೆನ್ನಾಗಿತ್ತು. ನಾನು ಕಿಟಕಿ ಬದಿಯಲ್ಲಿ ಕುಳಿತು ಒಳ್ಳೆಯ ನಿದ್ದೆ ಮಾಡಿದೆ. ಮಧ್ಯಾಹ್ನ ಕಳೆದ ಮೇಲೆ ಲ್ಯಾಬ್ ತಲುಪಿ ಪರೀಕ್ಷೆ ಮಾಡಿದರೆ ಎಲ್ಲರ ಸಕ್ಕರೆಯೂ ಚಂದದ ಅಂಕಿ. ಖುಷಿಯಿಂದ ಭಂಡಾರಿಯವರಿಗೆ ತೋರಿಸಿದೆ.

ಅವರು ಕನ್ನಡಕ ಏರಿಸಿ ನೋಡಿ, "ಕಾರ್ಕಳದಲ್ಲಿ ಯಾರಿಗೂ ಸಕ್ಕರೆ ಕಾಯಿಲೆಯೇ ಇಲ್ವಾ ಮಾರಾಯ್ತಿ? ಮತ್ತೆ ಶಿಬಿರ ಎಂತಕ್ಕೆ ಮಾಡಿದ್ದು?" ಎಂದರು. ಬಾಟಲಿಯೊಳಗೆ ರಕ್ತದ ಕಣಗಳಿಗೂ ಹಸಿವು ಉಂಟು, ತಡ ಮಾಡಿದರೆ ಇದ್ದ ಸಕ್ಕರೆಯನ್ನು ಅವೇ ತಿಂದು ಮುಗಿಸುತ್ತವೆ ಎಂದು ಅಂದು ನನಗೆ ಸರಿಯಾಗಿ ತಿಳಿಯಿತು. ಅದನ್ನು ತಡೆಯುವ ಪುಡಿ ಹಾಕಿದ ಬಾಟಲಿಗಳನ್ನು ನಾನು ಕಪಾಟಿನಲ್ಲೇ ಬಿಟ್ಟು ಹೋಗಿದ್ದೆ. "ನಂಬರು ಚಂದ ಬಂದ್ರೆ ಮೊದಲು ನಿನ್ನ ಕೈ ನೋಡಿಕೋ. ರೋಗಿಯನ್ನು ಆಮೇಲೆ ನೋಡುವ" ಎಂದರು ಭಂಡಾರಿಯವರು. ಮಾರನೆಯ ದಿನ ಮತ್ತೆ ಕಾರ್ಕಳಕ್ಕೆ ಹೋಗಿ ಎಲ್ಲರನ್ನೂ ಮತ್ತೆ ಚುಚ್ಚಿದೆ. "ನಿನ್ನೆ ತೆಗೆದದ್ದು ಎಂತ ಮಾಡಿದ್ರಿ? ಕುಡಿದ್ರಾ?" ಎಂದು ಒಬ್ಬರು ಕೇಳಿದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ಭಂಡಾರಿಯವರ ಮಾತನ್ನು ಆಮೇಲೆ ಎಷ್ಟೋ ಮಂದಿ ಕಿರಿಯರಿಗೆ ನಾನೇ ಹೇಳಿಕೊಟ್ಟಿದ್ದೇನೆ. ಹೇಳಿಕೊಡುವಾಗ ಅದು ನನಗೂ ಅನ್ವಯಿಸುತ್ತದೆ ಎಂಬುದು ಯಾವಾಗ ಮರೆತುಹೋಯಿತೋ ಗೊತ್ತಿಲ್ಲ.

ಇನ್ನು ಖಾಲಿ ಹೊಟ್ಟೆಯ ವಿಷಯ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎಂದು ಹೇಳಿ ಕಳಿಸುತ್ತೀರಿ. ನಮ್ಮ ಊರಿನಲ್ಲಿ ಕಾಫಿ ಹೊಟ್ಟೆಗೆ ಸೇರಿದ್ದಲ್ಲ, ಅದು ಬಾಯಿಗೆ ಸೇರಿದ್ದು. "ಎಂತದೂ ತಿಂದಿಲ್ಲ ಸಿಸ್ಟರ್, ಒಂದು ಲೋಟ ಕಾಫಿ ಮಾತ್ರ." ಕಾಫಿಗೆ ಸಕ್ಕರೆ? "ಸಕ್ಕರೆ ಹಾಕದೆ ಹೇಗೆ ಕುಡಿಯುವುದು?" ಹೀಗೆ ಬಂದವರನ್ನು ವಾಪಸು ಕಳಿಸಿ, ನಾಳೆ ಬನ್ನಿ ಎಂದರೆ ನಾಳೆ ಬಸ್ಸು ಇಲ್ಲ, ನಾಡಿದ್ದು ಮದುವೆ ಉಂಟು. ನನ್ನ ಅರ್ಧ ಆಯುಷ್ಯ ಆ ಒಂದು ಲೋಟ ಕಾಫಿಯ ಜೊತೆ ಜಗಳವಾಡಿ ಹೋಗಿದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ನಾನು ಮಾಡಿದ ಜಾಣತನಕ್ಕೆ ಇದೇ ಕಾರಣ.

ನಿವೃತ್ತಿಗೆ ಕೆಲವು ವರ್ಷ ಇದೆ ಎನ್ನುವಾಗ ನಮ್ಮ ವಿಭಾಗಕ್ಕೆ ಒಂದು ಗಿಡಮೂಲಿಕೆಯ ಕ್ಯಾಪ್ಸೂಲ್ ಪರೀಕ್ಷೆಗೆ ಬಂತು. ನೇರಳೆ ಬೀಜ ಮುಖ್ಯ, ಜೊತೆಗೆ ಇನ್ನೆರಡು ಬೇರು. ಸಕ್ಕರೆ ಕಾಯಿಲೆಯವರು ತಮ್ಮ ಡಾಕ್ಟರು ಕೊಟ್ಟ ಮಾತ್ರೆಗಳನ್ನು ಬಿಡದೆ, ಅದರ ಜೊತೆಗೆ ಇದನ್ನೂ ಕೆಲವು ತಿಂಗಳು ತೆಗೆದುಕೊಳ್ಳಬೇಕು. ಮೊದಲು ಮತ್ತು ಕೊನೆಗೆ ಎರಡು ಅಳತೆ: ಒಂದು, ಬೆಳಗಿನ ಖಾಲಿ ಹೊಟ್ಟೆಯ ಸಕ್ಕರೆ; ಇನ್ನೊಂದು, ಕಳೆದ ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ. ಮೊದಲ ಸಣ್ಣ ಪ್ರಯತ್ನವಾದ್ದರಿಂದ ಎಲ್ಲರಿಗೂ ನಿಜವಾದ ಕ್ಯಾಪ್ಸೂಲೇ, ಹೋಲಿಸಿ ನೋಡಲು ಹುಸಿ ಕ್ಯಾಪ್ಸೂಲ್ ಯಾರಿಗೂ ಇರಲಿಲ್ಲ. ಇದರ ಮುಖ್ಯಸ್ಥರು ಡಾಕ್ಟರ್ ಪ್ರಭು. ಒಳ್ಳೆಯ ಮನುಷ್ಯ, ಸಿಟ್ಟು ಮೂಗಿನ ತುದಿಯಲ್ಲಿ, ಹೊಗಳಿಕೆ ಮಾತ್ರ ಅಪರೂಪ. ಅವರು ಒಮ್ಮೆ ಹೊಗಳಿದರೆ ನಾವು ಒಂದು ವಾರ ಅದನ್ನೇ ಮೆಲುಕು ಹಾಕುತ್ತಿದ್ದೆವು. ಕಾಪು, ಕಾರ್ಕಳ ಮತ್ತು ಉಡುಪಿಯ ಬನ್ನಂಜೆ, ಈ ಮೂರು ಕಡೆ ಜನರನ್ನು ಸೇರಿಸುವ ಜವಾಬ್ದಾರಿ ನನ್ನದಾಯಿತು.

ಕಾಪುವಿನ ಗಿರಿಜಕ್ಕ ನಮ್ಮ ಅಧ್ಯಯನಕ್ಕೆ ಮೊದಲು ಒಪ್ಪಿದವರು. ಡಬ್ಬಿಯನ್ನು ಉಳಿದ ಕ್ಯಾಪ್ಸೂಲ್ ಸಮೇತ ವಾಪಸು ತರಬೇಕು ಎಂದು ಅವರಿಗೆ ನಾನು ಹೇಳಿದ್ದೆ. ಎಷ್ಟು ತೆಗೆದುಕೊಂಡಿದ್ದಾರೆ ಎಂದು ತಿಳಿಯುವುದು ಹಾಗೆ. ಅವರು ಡಬ್ಬಿಯನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಅದರ ತುಂಬ ಹುರಿದ ನೆಲಗಡಲೆ ಹಾಕಿ ತಂದರು. ಬೇರೆಯವರ ಮನೆಯ ಡಬ್ಬಿಯನ್ನು ಖಾಲಿ ಕೊಡುವುದು ಹೇಗೆ ಎಂಬುದು ಅವರ ಪ್ರಶ್ನೆ. "ಒಳಗಿದ್ದ ಕ್ಯಾಪ್ಸೂಲ್ ಎಲ್ಲಿ ಗಿರಿಜಕ್ಕ?" "ಉಳಿದದ್ದು ಹಾಳಾಗ್ತದೆ ಅಂತ ಆಚೆ ಮನೆಯವಳಿಗೆ ಕೊಟ್ಟೆ. ಅವಳಿಗೂ ಶುಗರ್ ಉಂಟಲ್ಲ, ಪಾಪ." ನಾನು ಆ ನೆಲಗಡಲೆಯನ್ನು ತಿನ್ನುತ್ತಾ ಆಚೆ ಮನೆಗೆ ಹೋಗಿ, ಉಳಿದ ಕ್ಯಾಪ್ಸೂಲ್‌ಗಳನ್ನು ಬೇಡಿ ತಂದೆ.

ಕಾರ್ಕಳದಲ್ಲಿ ನಿವೃತ್ತ ಮೇಷ್ಟ್ರೊಬ್ಬರು, ಜೈನರು. ಕ್ಯಾಪ್ಸೂಲಿನ ಹೊರಗಿನ ಸಿಪ್ಪೆ ಯಾವುದರಿಂದ ಮಾಡಿದ್ದು, ಪ್ರಾಣಿಯ ಮೂಳೆಯದ್ದೋ ಎಂದು ಕೇಳಿದರು. ವಿಚಾರಿಸಿ ಹೇಳುತ್ತೇನೆ ಎಂದೆ, ವಿಚಾರಿಸಲು ಮರೆತೆ. ಅವರು ಕಾಯಲಿಲ್ಲ. ಸಿಪ್ಪೆ ಬಿಚ್ಚಿ ಎಸೆದು ಪುಡಿಯನ್ನು ಮಾತ್ರ ಶ್ರದ್ಧೆಯಿಂದ ಸೇವಿಸುತ್ತಿದ್ದರು. ಪುಡಿ ವಿಪರೀತ ಕಹಿ. ಹಾಗಾಗಿ ಪ್ರತಿ ಸಲವೂ ಒಂದು ತುಂಡು ಬೆಲ್ಲದೊಡನೆ. ಕೊನೆಗೆ ಅವರ ಸಕ್ಕರೆ ಏರಿದ್ದನ್ನು ನೋಡಿ ಪ್ರಭು ಡಾಕ್ಟರು ಫೈಲನ್ನು ಮೇಜಿನ ಮೇಲೆ ಕುಕ್ಕಿದರು. "ನೀವು ಅವರ ಪ್ರಶ್ನೆಗೆ ಉತ್ತರ ಕೊಟ್ಟಿದ್ರೆ ಈ ಬೆಲ್ಲ ಬರ್ತಿತ್ತಾ ವಾರಿಜಾ?" ಎಂದರು. ಬರುತ್ತಿರಲಿಲ್ಲ. ಜನ ಕೇಳುವ ಸಣ್ಣ ಪ್ರಶ್ನೆಯನ್ನು ಅಂದೇ ಮುಗಿಸಿ, ನಾಳೆಗೆ ಇಟ್ಟುಕೊಳ್ಳಬೇಡಿ.

ಈ ಎರಡನ್ನೂ ನಾನು ನಗುತ್ತಲೇ ಹೇಳಬಲ್ಲೆ. ಮೂರನೆಯದು ಹಾಗಲ್ಲ.

ಬನ್ನಂಜೆಯವರು ನನ್ನವರೇ. ನಾನು ಹುಟ್ಟಿ ಬೆಳೆದ ಕೇರಿ ಅಲ್ಲೇ ಹತ್ತಿರ. ಅಲ್ಲಿ ಅಧ್ಯಯನಕ್ಕೆ ಸೇರಿದವರಲ್ಲಿ ಹೆಚ್ಚಿನವರು ಮಠ, ದೇವಸ್ಥಾನಗಳ ಕೆಲಸದಲ್ಲಿ ಇರುವ ಮನೆಯವರು. ಅಡುಗೆಯವರು, ಪೂಜೆಯವರು, ಅವರ ಮನೆಯ ಹೆಂಗಸರು. ಪದ್ದಕ್ಕ, ಎಂದರೆ ಪದ್ಮಾವತಿಯಮ್ಮ, ತುಳಸಿ ಮಾಲೆ ಕಟ್ಟುವವರು. ಬಾಳೆನಾರನ್ನು ನೆನೆಸಿ ಸೀಳಿ, ತುಳಸಿ ಕುಡಿಗಳನ್ನು ಜೋಡಿಸಿ ಅವರು ಗಂಟು ಹಾಕುತ್ತಿದ್ದರೆ ನೋಡುತ್ತಾ ಕೂರಬೇಕು ಅನಿಸುತ್ತಿತ್ತು. ಮಗ ಸೊಸೆಯ ಜೊತೆ ಸುಖವಾಗಿಯೇ ಇದ್ದವರು; ಮಾಲೆ ಕಟ್ಟುವುದು ಹೊಟ್ಟೆಪಾಡಿಗಲ್ಲ. ತನ್ನ ಮಾಲೆ ದೇವರ ಕೊರಳಿಗೆ ಹೋಗದ ದಿನ ತನಗೆ ಊಟ ಸೇರುವುದಿಲ್ಲ ಎನ್ನುತ್ತಿದ್ದರು. ನನ್ನ ಅಮ್ಮನ ಗೆಳತಿ, ಚಿಕ್ಕಂದಿನಲ್ಲಿ ನನ್ನ ಜಡೆ ಹೆಣೆದವರು. ಸಹಿ ಹಾಕುವ ಮೊದಲು ಎಲ್ಲವನ್ನೂ ಓದಿ ಹೇಳುತ್ತೇನೆ ಎಂದರೆ, "ಅದೆಲ್ಲ ಎಂತಕ್ಕೆ? ನೀನು ಕೊಡುವುದು ಅಲ್ವಾ, ಕೊಡು" ಎಂದು ಪೆನ್ನು ತೆಗೆದುಕೊಂಡರು.

ಬನ್ನಂಜೆಯಲ್ಲಿ ಮೊದಲ ಸಲ ರಕ್ತ ತೆಗೆಯುವಾಗ ಯಥಾಪ್ರಕಾರ ಕಾಫಿಯ ಕಾಟ. ಅರ್ಧದಷ್ಟು ಜನರನ್ನು ವಾಪಸು ಕಳಿಸಿ, ಮತ್ತೆ ಕರೆಸಿ, ಬೆವರು ಸುರಿಸಿ ಮುಗಿಸಿದೆ. ಎರಡನೆಯ ಅಳತೆ ಬಂದಾಗ ನನಗೆ ಒಂದು ಉಪಾಯ ಹೊಳೆಯಿತು. ದ್ವಾದಶಿಯ ಬೆಳಿಗ್ಗೆ ಕರೆದರೆ? ಹಿಂದಿನ ದಿನ ಏಕಾದಶಿ, ಎಲ್ಲರೂ ಉಪವಾಸ. ದ್ವಾದಶಿಗೆ ಬೆಳಗ್ಗೆ ಬೇಗ ಪಾರಣೆ, ಅಂದರೆ ಉಪವಾಸ ಮುರಿಯುವ ಊಟ. ಅದಕ್ಕೆ ಮೊದಲು ಬಂದು ರಕ್ತ ಕೊಟ್ಟು ಹೋದರಾಯಿತು. ಸ್ನಾನ, ಪೂಜೆ ಆಗುವವರೆಗೆ ಕಾಫಿ ಮುಟ್ಟುವ ಪ್ರಶ್ನೆಯೇ ಇಲ್ಲ. ಪ್ರಭು ಡಾಕ್ಟರಿಗೆ ಹೇಳಿದೆ. ಅವರು ಮುಖ ಅರಳಿಸಿ, "ಎಂತ ತಲೆ ವಾರಿಜಾ ನಿಮ್ಮದು!" ಎಂದರು. ಅಪರೂಪದ ಹೊಗಳಿಕೆ, ನಾನು ಗಾಳಿಯಲ್ಲಿ ತೇಲುತ್ತಾ ಮನೆಗೆ ಹೋದೆ.

ದ್ವಾದಶಿಯ ಬೆಳಿಗ್ಗೆ ಎಲ್ಲರೂ ಒದ್ದೆ ತಲೆಯಲ್ಲೇ ಬಂದು ಕೈ ನೀಡಿದರು. ಒಬ್ಬರನ್ನೂ ವಾಪಸು ಕಳಿಸಲಿಲ್ಲ. ಸಂಜೆ ಲ್ಯಾಬಿನಿಂದ ಅಂಕಿಗಳು ಬಂದವು. ಬನ್ನಂಜೆಯವರ ಸಕ್ಕರೆ ಇಳಿದಿತ್ತು. ಅಲ್ಪಸ್ವಲ್ಪ ಅಲ್ಲ, ನೋಡಿದವರು ಹುಬ್ಬೇರಿಸುವಷ್ಟು. ಪದ್ದಕ್ಕನದಂತೂ ಎಷ್ಟೋ ವರ್ಷಗಳಿಂದ ಕಾಣದ ಅಂಕಿ.

ಫಲಿತಾಂಶವನ್ನು ಅಧ್ಯಯನ ಮುಗಿಯುವ ತನಕ ಯಾರಿಗೂ ಹೇಳಬಾರದು ಎಂಬುದು ನಿಯಮ. ನನಗೆ ನಿಯಮ ಬಾಯಿಪಾಠ. ಆದರೂ ಮನೆಗೆ ಹೋಗುವ ದಾರಿಯಲ್ಲಿ ಪದ್ದಕ್ಕನ ಮನೆಗೆ ನುಗ್ಗಿ, ಜಗಲಿಯಲ್ಲಿ ನಿಂತೇ ಹೇಳಿದೆ. "ಪದ್ದಕ್ಕ, ಇಳಿದಿದೆ! ಚೆನ್ನಾಗಿ ಇಳಿದಿದೆ. ಕ್ಯಾಪ್ಸೂಲ್ ಹಿಡಿದಿದೆ ನಿಮಗೆ."

"ಹೌದಾ? ನಿಜವಾ?" ಎಂದು ಪದ್ದಕ್ಕ ಎರಡು ಸಲ ಕೇಳಿದರು. "ಆ ಡಾಕ್ಟ್ರ ಮಾತ್ರೆ ತಿಂದರೆ ನನಗೆ ಹೊಟ್ಟೆ ಕೆಡ್ತದೆ ಮಾರಾಯ್ತಿ. ಮಡಿಯಲ್ಲಿ ಮಾಲೆಗೆ ಕೂತಿರ್ತೇನೆ, ಎದ್ದು ಓಡಬೇಕು, ಮತ್ತೆ ಸ್ನಾನ ಮಾಡಬೇಕು. ಸಾಕಾಗಿ ಹೋಗಿದೆ. ನಿನ್ನ ಈ ಮೂಲಿಕೆಯಿಂದ ಆ ಕಷ್ಟ ಇಲ್ಲ."

ಅವರು ಮುಂದಕ್ಕೆ ಏನು ಮಾಡಬಹುದು ಎಂಬುದು ಆ ಮಾತಿನಲ್ಲೇ ಇತ್ತು. ನಾನು ಕೇಳಿಸಿಕೊಳ್ಳಲಿಲ್ಲ. ನನಗೆ ನನ್ನ ಸುದ್ದಿ ಹೇಳುವ ಸಂಭ್ರಮ.

ಮೂರು ತಿಂಗಳ ಸರಾಸರಿಯ ಫಲಿತಾಂಶ ಬೇರೆ ಲ್ಯಾಬಿನಿಂದ ತಡವಾಗಿ ಬಂತು. ಎಲ್ಲ ಅಂಕಿಗಳನ್ನು ಲೆಕ್ಕ ಹಾಕಲು ಸಂಖ್ಯಾಶಾಸ್ತ್ರದವರೊಬ್ಬರು ಬಂದಿದ್ದರು, ಧಾರವಾಡದ ಕಡೆಯವರು. ಮಣಿಪಾಲದ ನಮ್ಮ ಸಭೆಯ ಕೋಣೆಯಲ್ಲಿ ಪ್ರಭು ಡಾಕ್ಟರು, ಇನ್ನು ನಾಲ್ಕೈದು ಮಂದಿ ಮತ್ತು ನಾನು. ಧಾರವಾಡದವರು ಪರದೆ ತೋರಿಸಿ ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು.

"ಮೇಡಂ, ಒಂದ್ ಮಾತು ಕೇಳ್ತೀನ್ರಿ. ಬನ್ನಂಜಿಯವರ ಖಾಲಿ ಹೊಟ್ಟೀದು ಭಾಳ ಇಳದೈತಿ. ಆದ್ರ ಅವರದ ಮೂರು ತಿಂಗಳ ಸರಾಸರಿ ಇದ್ದಲ್ಲೇ ಐತಿ. ಕಾಪು, ಕಾರ್ಕಳದಾಗ ಎರಡೂ ಇಳದಿಲ್ಲ. ಬನ್ನಂಜಿಯವರು ಎರಡನೇ ಸಲ ಎಲ್ಲಾರೂ ಒಂದ ದಿನ ಬಂದಾರಲ್ರಿ, ಅವತ್ತ ಏನರ ವಿಶೇಷ ಇತ್ತೇನ್ರಿ?"

"ದ್ವಾದಶಿ ಅಲ್ವಾ!" ಎಂದೆ. ನನ್ನ ಉಪಾಯವನ್ನು ಹೊರಗಿನವರೊಬ್ಬರು ಗಮನಿಸಿದರಲ್ಲ ಎಂಬ ಹೆಮ್ಮೆ ಬೇರೆ. "ಹಿಂದಿನ ದಿನ ಏಕಾದಶಿ. ಅವರು ಇಡೀ ದಿನ ನೀರು ಕೂಡ ಮುಟ್ಟುವುದಿಲ್ಲ. ಹಾಗಾಗಿ ಕಾಫಿ ಕುಡಿದು ಬರುವ ಗಲಾಟೆಯೇ ಇಲ್ಲ."

"ಇಡೀ ದಿನಾರೀ?" ಎಂದರು ಅವರು, ಮೆಲ್ಲಗೆ.

ನಾನು ಹೇಳಿದ್ದು ನನಗೇ ಕೇಳಿಸಿತು. ಮೊದಲ ಸಲ ರಾತ್ರಿ ಊಟ ಮಾಡಿ ಬೆಳಿಗ್ಗೆ ಬಂದಿದ್ದರು. ಎರಡನೆಯ ಸಲ ಹಿಂದಿನ ಇಡೀ ಹಗಲು, ಇಡೀ ರಾತ್ರಿ ಹಸಿದು ಬಂದಿದ್ದರು. ಅನ್ನವಿಲ್ಲದ ದೇಹದ ಸಕ್ಕರೆಯನ್ನು ಅಳೆದು, ಕ್ಯಾಪ್ಸೂಲ್ ಇಳಿಸಿತು ಎಂದು ನಾನು ಕುಣಿದಿದ್ದೆ. ಏಕಾದಶಿಯಂದು ಅವರು ಕ್ಯಾಪ್ಸೂಲನ್ನೂ ನುಂಗಿರಲಿಲ್ಲ. ಹೊರ ಊರಿನ ಯಾರಾದರೂ ಈ ಕೆಲಸ ಮಾಡಿದ್ದರೆ ಉಪವಾಸ ಎಂದ ಕೂಡಲೇ, ಎಷ್ಟು ಹೊತ್ತಿನ ಉಪವಾಸ ಎಂದು ಕೇಳುತ್ತಿದ್ದರು. ನನ್ನ ಮನೆಯಲ್ಲಿ ಹುಟ್ಟಿದಾಗಿನಿಂದ ಏಕಾದಶಿ. ಅದು ನನಗೆ ಉಪವಾಸ ಎಂದು ಕಾಣುತ್ತಲೇ ಇರಲಿಲ್ಲ, ಸೋಮವಾರ, ಮಂಗಳವಾರದ ಹಾಗೆ ಅದೂ ಒಂದು ದಿನ.

ಪ್ರಭು ಡಾಕ್ಟರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನನ್ನ ಅಮ್ಮನೂ ಏಕಾದಶಿ ಮಾಡುವವರೇ. ನನಗೂ ಹೊಳೆಯಲಿಲ್ಲ" ಎಂದು ಹೇಳಿ ಪರದೆ ಆರಿಸಿದರು. ಅವರ ಆ ಒಳ್ಳೆಯತನಕ್ಕೆ ನಾನು ಇನ್ನಷ್ಟು ಕುಗ್ಗಿದೆ. ಭಂಡಾರಿಯವರ ಮಾತು ಆಗ ನೆನಪಾಯಿತು. ನಂಬರು ಚಂದ ಬಂದಿತ್ತು, ನಾನು ಕೈ ನೋಡಿಕೊಂಡಿರಲಿಲ್ಲ.

ಅಧ್ಯಯನವನ್ನು ಅಲ್ಲಿಗೇ ನಿಲ್ಲಿಸಿದರು. ನೇರಳೆ ಬೀಜದಿಂದ ಸಕ್ಕರೆ ಇಳಿಯುತ್ತದೋ ಇಲ್ಲವೋ ನಮಗೆ ತಿಳಿಯಲೇ ಇಲ್ಲ. ಪಾಪ, ಅದಕ್ಕೂ ನಾವು ನ್ಯಾಯ ಮಾಡಲಿಲ್ಲ. ಭಾಗವಹಿಸಿದ ಎಲ್ಲರಿಗೂ ಫೋನ್ ಮಾಡಿ ತಿಳಿಸುವ ಕೆಲಸ ನನ್ನದು. ಅಧ್ಯಯನ ಮುಗಿದಿದೆ, ಕ್ಯಾಪ್ಸೂಲ್ ನಿಲ್ಲಿಸಿ, ನಿಮ್ಮ ಡಾಕ್ಟರ ಚಿಕಿತ್ಸೆಯನ್ನು ಹಾಗೆಯೇ ಮುಂದುವರಿಸಿ, ಸಹಕಾರಕ್ಕೆ ಧನ್ಯವಾದ. ಎಲ್ಲರಿಗೂ ಓದಿದ್ದನ್ನೇ ಪದ್ದಕ್ಕನಿಗೂ ಓದಿದೆ. ಅವರು "ಎಂತ ವಾರಿಜಾ, ಇಷ್ಟು ಗಂಭೀರವಾಗಿ ಮಾತಾಡ್ತೀ? ಆಯ್ತು, ಆಯ್ತು" ಎಂದು ನಕ್ಕರು. ನಾನು ಅಂದು ಹೇಳಿದ್ದು ತಪ್ಪು, ನಿಮ್ಮ ಸಕ್ಕರೆ ಇಳಿದಿಲ್ಲ ಎಂದು ಆಗಲೇ ಹೇಳಬೇಕಿತ್ತು. ಹೇಳಲು ಮುಖ ಇರಲಿಲ್ಲ. ಕೇರಿಯಲ್ಲಿ ನನ್ನನ್ನು ದೊಡ್ಡ ಮನುಷ್ಯಳೆಂದು ತಿಳಿದವರು ಅವರು. ಮುಂದಿನ ಸಲ ಎದುರು ಸಿಕ್ಕಾಗ ಹೇಳೋಣ ಎಂದುಕೊಂಡು ಫೋನ್ ಇಟ್ಟೆ. ಆಮೇಲೆ ಅವರ ಮನೆಯ ದಾರಿ ಬಿಟ್ಟು ಬೇರೆ ದಾರಿಯಲ್ಲಿ ಹೋಗತೊಡಗಿದೆ. ದಾರಿ ತಪ್ಪಿಸಿಕೊಂಡು ನಡೆಯುವುದು ನನಗೆ ಇಷ್ಟು ಸುಲಭವಾಗಿ ಬರುತ್ತದೆ ಎಂದು ಗೊತ್ತಿರಲಿಲ್ಲ.

ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವರೇ ಫೋನ್ ಮಾಡಿದರು. "ವಾರಿಜಾ, ಕಣ್ಣಿನ ಎದುರು ಎಂತದೋ ತೇಲ್ತದೆ. ಕಪ್ಪು ಬಾಳೆನಾರು ಇದ್ದ ಹಾಗೆ. ಕೈಯಲ್ಲಿ ಹಿಡಿಯಲಿಕ್ಕೆ ಹೋದ್ರೆ ಇಲ್ಲ. ನಿನಗೆ ಡಾಕ್ಟ್ರು ಗುರ್ತ ಉಂಟಲ್ಲ?"

ಸಕ್ಕರೆಯವರ ಕಣ್ಣಿನಲ್ಲಿ ಕಪ್ಪು ನಾರು ತೇಲಿದರೆ ಏನರ್ಥ ಎಂದು ನನಗೆ ಗೊತ್ತಿತ್ತು. ಅರ್ಧ ದಿನದ ರಜೆ ಹಾಕಿ, ಅವರನ್ನು ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಿರಿಯ ವಯಸ್ಸಿನ ಹೆಣ್ಣುಮಗಳು. ಬಹಳ ಹೊತ್ತು ಪರೀಕ್ಷಿಸಿ, ಕಣ್ಣಿನ ಒಳಗೆ ರಕ್ತ ಒಸರಿದೆ ಎಂದರು. ಆಮೇಲೆ ಕೇಳಿದರು.

"ಶುಗರಿಗೆ ಯಾವ ಮಾತ್ರೆ ತಗೊಳ್ತಾ ಇದ್ದೀರಿ ಅಮ್ಮ?"

"ಮಾತ್ರೆ ಇಲ್ಲ. ಬಿಟ್ಟು ಒಂದು ವರ್ಷದ ಮೇಲೆ ಆಯ್ತು."

"ಯಾರು ಬಿಡ್ಲಿಕ್ಕೆ ಹೇಳಿದ್ದು?"

ಪದ್ದಕ್ಕ ನನ್ನ ಕಡೆ ತಿರುಗಲೂ ಇಲ್ಲ. "ಯಾರೂ ಹೇಳ್ಲಿಲ್ಲ ಡಾಕ್ಟ್ರೇ. ನಾನೇ ಬಿಟ್ಟದ್ದು."

"ಇಲ್ಲ ಡಾಕ್ಟ್ರೇ," ಎಂದೆ ನಾನು. "ಸಕ್ಕರೆ ಇಳಿದಿದೆ ಎಂದು ಇವರಿಗೆ ನಾನು ಹೇಳಿದ್ದೆ. ಇಳಿದಿರಲಿಲ್ಲ. ಅದು ಗೊತ್ತಾದ ಮೇಲೂ ಇವರಿಗೆ ಹೇಳಲಿಲ್ಲ."

ಮೇಜಿನ ಅಡಿಯಲ್ಲಿ ಪದ್ದಕ್ಕ ನನ್ನ ಕೈ ಚಿವುಟಿದರು, ಚಿಕ್ಕಂದಿನಲ್ಲಿ ಜಡೆ ಹೆಣೆಯುವಾಗ ತಲೆ ಅಲ್ಲಾಡಿಸಿದರೆ ಚಿವುಟುತ್ತಿದ್ದಂತೆ. ಡಾಕ್ಟರು ನನ್ನ ಕೊರಳಿನಲ್ಲಿ ತೂಗುತ್ತಿದ್ದ ಗುರುತಿನ ಚೀಟಿಯನ್ನು ನೋಡಿದರು, ಮತ್ತೆ ಬರೆಯತೊಡಗಿದರು.

ವಾಪಸು ರಿಕ್ಷಾದಲ್ಲಿ ಬರುವಾಗ ಪದ್ದಕ್ಕ ನನಗೆ ಸರಿಯಾಗಿ ಬೈದರು. "ಅಲ್ಲಿ ಎಂತಕ್ಕೆ ಬಾಯಿ ಹಾಕಿದ್ದು? ನಿನ್ನ ಕೆಲಸ ಹೋಗ್ಲಿಕ್ಕಾ?" ಬಯ್ಯುವುದು ಮುಗಿದ ಮೇಲೆ ನಾನು ಎಲ್ಲವನ್ನೂ ಹೇಳಿದೆ. ದ್ವಾದಶಿಗೆ ಯಾಕೆ ಕರೆದೆ, ಏನು ಅಳೆದೆ, ಏನೆಂದು ತಿಳಿದೆ.

ಅವರು ಕೊನೆಯವರೆಗೂ ಕೇಳಿದರು. ಆಮೇಲೆ, "ನಾನು ಏಕಾದಶಿ ಮಾಡ್ತೇನೆ ಅಂತ ನಿನಗೆ ಗೊತ್ತಿರ್ಲಿಲ್ವಾ?" ಎಂದರು.

"ಗೊತ್ತಿತ್ತು."

"ಮತ್ತೆ?"

ರಿಕ್ಷಾ ನಿಂತಾಗ ನಾನು ಮೊದಲು ಇಳಿದು, ಅವರನ್ನು ಕೈ ಹಿಡಿದು ಇಳಿಸಿದೆ.

ಲೇಸರ್ ಕೊಟ್ಟರು, ಇಂಜೆಕ್ಷನ್ ಕೊಟ್ಟರು. ಬಲಗಣ್ಣು ಹೋಯಿತು. ಎಡಗಣ್ಣಿನಲ್ಲಿ ಬೆಳಕು, ನೆರಳು, ಮನುಷ್ಯರ ಆಕಾರ ಕಾಣುತ್ತದೆ. ಮೊದಲೇ ಸ್ವಲ್ಪ ದೋಷ ಇದ್ದಿರಬೇಕು, ಆದರೆ ಈ ಒಂದು ವರ್ಷದಲ್ಲಿ ಬಹಳ ಮುಂದೆ ಹೋಗಿದೆ ಎಂದರು ಡಾಕ್ಟರು. ರೋಗದ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂದು ಯಾರೂ ಹೇಳಲಾರರು. ನಾನು ಕೇಳುವುದೂ ಇಲ್ಲ. ಈಗ ಅವರು ಮಾತ್ರೆ ತೆಗೆದುಕೊಳ್ಳುತ್ತಾರೆ. ಮಾತ್ರೆಯ ಜೊತೆ ನಿರಾಹಾರ ಇರುವಂತಿಲ್ಲ ಎಂದು ಏಕಾದಶಿಗೂ ಹಾಲು ಹಣ್ಣು ತಿನ್ನಿಸುತ್ತೇವೆ. ಚಿಕ್ಕಂದಿನಿಂದ ಬಿಡದ ವ್ರತವನ್ನು ಈ ವಯಸ್ಸಿನಲ್ಲಿ ಬಿಟ್ಟರು. ಅದೂ ನನ್ನಿಂದಲೇ ಎಂದು ನನಗೆ ಅನಿಸುತ್ತದೆ. ಅವರು ಹಾಗೆ ಒಮ್ಮೆಯೂ ಹೇಳಿಲ್ಲ.

ಹೊಸಬರಿಗೆ ನನ್ನಿಂದ ಹೇಳಲಿಕ್ಕೆ ಇರುವುದು ಸ್ವಲ್ಪ. ಖಾಲಿ ಹೊಟ್ಟೆಯಾ ಎಂದು ಕೇಳಬೇಡಿ, ನಿನ್ನೆ ಬೆಳಿಗ್ಗೆಯಿಂದ ಏನೇನು ತಿಂದಿರಿ ಎಂದು ಕೇಳಿ. ನಿಮ್ಮದೇ ಜನರಲ್ಲಿ ಕೆಲಸ ಮಾಡುವಾಗ ಇನ್ನೊಂದು ಸಲ ಕೇಳಿ, ಅಲ್ಲಿ ನಿಮಗೆ ಎಲ್ಲ ಗೊತ್ತಿರುತ್ತದೆ, ಗೊತ್ತಿರುವುದರಿಂದ ಏನೂ ಕಾಣುವುದಿಲ್ಲ. ಒಳ್ಳೆಯ ಸುದ್ದಿ ಹೇಳಲು ಓಡಬೇಡಿ. ಓಡಿ ಹೇಳಿದ್ದು ಸುಳ್ಳು ಎಂದು ಗೊತ್ತಾದರೆ ಅದನ್ನು ತಿದ್ದಲು ಅಷ್ಟೇ ಜೋರಾಗಿ ಓಡಿ. ನಾನು ಓಡಲಿಲ್ಲ, ದಾರಿ ಬದಲಿಸಿದೆ.

ನಿವೃತ್ತಿಯಾದ ಮೇಲೆ ದಿನಾ ಬೆಳಿಗ್ಗೆ ಸ್ನಾನ ಮಾಡಿ ಪದ್ದಕ್ಕನ ಮನೆಗೆ ಹೋಗುತ್ತೇನೆ. ಅವರು ಈಗಲೂ ಮಾಲೆ ಕಟ್ಟುತ್ತಾರೆ. ಗಂಟು ಹಾಕಲು ಅವರಿಗೆ ಕಣ್ಣು ಬೇಡ, ಬೆರಳು ಸಾಕು. ಹಳದಿಯಾದ, ಹುಳ ತಿಂದ ತುಳಸಿಯನ್ನು ಬೇರೆ ಮಾಡಲು ಮಾತ್ರ ಕಣ್ಣು ಬೇಕು, ಅದು ನನ್ನ ಕೆಲಸ. ದ್ವಾದಶಿಯಂದು ತುಳಸಿ ಕೊಯ್ಯುವಂತಿಲ್ಲ, ಹಾಗಾಗಿ ಏಕಾದಶಿಗೆ ಎರಡು ದಿನದ ಕೆಲಸ. ಕಳೆದ ಏಕಾದಶಿಯಂದು ಬುಟ್ಟಿ ತುಂಬಿತ್ತು. ನಾನು ಒಂದೊಂದೇ ಕುಡಿಯನ್ನು ಅವರ ಕೈಗೆ ಕೊಡುತ್ತಿದ್ದೆ, ಅವರು ನಾರಿಗೆ ಸೇರಿಸುತ್ತಿದ್ದರು. ಒಂದು ಕುಡಿಯನ್ನು ತೆಗೆದುಕೊಂಡವರು ಬೆರಳಿನಲ್ಲಿ ತಡವಿ ನಿಲ್ಲಿಸಿದರು.

"ಇದು ಒಳ್ಳೆಯದಾ?"

"ಒಳ್ಳೆಯದು ಪದ್ದಕ್ಕ."

ಅವರು ಮುಖವನ್ನು ನನ್ನ ಕಡೆ ತಿರುಗಿಸಿದರು. ತಮಾಷೆಗೆ ಕೇಳಿದರೋ, ನಿಜಕ್ಕೂ ಕೇಳಿದರೋ ನನಗೆ ತಿಳಿಯಲಿಲ್ಲ.

"ನೋಡಿ ಹೇಳಿದ್ದಾ, ಹಾಗೇ ಹೇಳಿದ್ದಾ?"

ನಾನು ಹಾಗೇ ಹೇಳಿದ್ದೆ. ಆ ಕುಡಿಯನ್ನು ಅವರ ಕೈಯಿಂದ ವಾಪಸು ತೆಗೆದುಕೊಂಡು, ಜಗಲಿಯ ಬೆಳಕಿಗೆ ಹಿಡಿದು, ಒಂದೊಂದು ಎಲೆಯನ್ನೂ ಮಗುಚಿ ನೋಡತೊಡಗಿದೆ.